ಒರಳಿನೊಳಗಿನ ಕೈ

ಡುಫಿಯೆ ಎತ್ತಿದ ಒನಕೆಯನ್ನು ಇಳಿಸಲಾರದೆ ನಿಂತಳು. ಬೆಂದ ಮರಗೆಣಸು ತುಂಬಿದ ಒರಳಿನೊಳಗೆ ಅತ್ತೆಯ ಕೈಯಿತ್ತು.

ಗಂಡ ಸತ್ತು ಅಂದಿಗೆ ವರ್ಷ. ಅವಳು ಶೋಕದ ಕಪ್ಪು ಬಟ್ಟೆ ಕಳಚಿ, ಸೂತಕ ಮುಗಿದ ಗುರುತಿಗೆ ಬಿಳಿ ಉಡುವ ದಿನ. "ಇವಳೇ ಏನೋ ಉಣ್ಣಿಸಿ ಕೊಂದಳು" ಎಂದು ಹೆಣದ ಮುಂದೆ ಅಂದಿದ್ದ ಅತ್ತೆ, ಆಮೇಲೆ ಸೊಸೆಯ ಕೈಯ ನೀರನ್ನೂ ಮುಟ್ಟಿರಲಿಲ್ಲ. ಅತ್ತೆಯ ಮಂಡಿನೋವು, ಡುಫಿಯೆಯ ಮಗಳ ಮಲೇರಿಯಾ, ಸಂತೆ, ಶಾಲೆ ಎಲ್ಲವೂ ಮಾತಿಲ್ಲದೆ ಕಳೆದಿದ್ದವು. ಒಬ್ಬರು ಕುಟ್ಟಿ ಇನ್ನೊಬ್ಬರು ಮಗುಚದೆ ಆಗದ ಮರಗೆಣಸಿನ ಮುದ್ದೆ ಫುಫು, ಕುಮಾಸಿ ಊರಿನ ಆ ಮನೆಯಲ್ಲಿ ನಿಂತೇಹೋಗಿತ್ತು.

"ಕೈ ತೆಗೀರಿ ಅತ್ತೆ. ನನ್ನ ತೋಳಲ್ಲಿ ಶಕ್ತಿ ಇಲ್ಲ, ಗುರಿ ತಪ್ಪುತ್ತೆ."

"ಹೋದ ವರ್ಷ ನನ್ನ ನಾಲಿಗೆ ಗುರಿ ತಪ್ಪಿರ್ಲಿಲ್ವಾ? ಕುಟ್ಟೇ, ಆರಿಹೋಗುತ್ತೆ."

ಡುಫಿಯೆ ಒನಕೆ ಇಳಿಸಿದಳು. ಅದು ಮೇಲೇಳುತ್ತಲೇ ಅತ್ತೆ ಮತ್ತೆ ಒರಳಿಗೆ ಕೈಯಿಟ್ಟಳು.