ಹಾಳೆಯ ಹಿಂಬದಿ

ಗ್ಲೌಸ್ ಹಾಕಿದ ಕೈಗಳನ್ನು ಎದೆಯ ಮಟ್ಟಕ್ಕೆ ಎತ್ತಿಕೊಂಡೇ ಸರ್ಜನ್ ಆಪರೇಷನ್ ಥಿಯೇಟರಿನ ಬಾಗಿಲಿಗೆ ಬಂದರು. ಒಳಗೆ, ಥೈರಾಯ್ಡ್ ಗಂಟು ತೆಗೆಯಲು ಕೊಯ್ದ ಶೆಟಗೇರಿಯ ಕಾಮಿಯ ಕುತ್ತಿಗೆ ಇನ್ನೂ ತೆರೆದೇ ಇತ್ತು. "ಥೈರಾಯ್ಡ್ ಗಂಟಿನ ಹಿಂದೆ ಪ್ಯಾರಾಥೈರಾಯ್ಡ್ ಅಂತ ಇನ್ನೊಂದು ಗ್ರಂಥಿ ಇರುತ್ತೆ. ಅಕ್ಕಿಕಾಳಿನಷ್ಟು ಇರಬೇಕಾದ್ದು ಗೋಡಂಬಿಯಷ್ಟು ಊದಿದೆ," ಎಂದರು ಕಾಮಿಯ ಮಗಳು ಸಂಧ್ಯಾಗೆ. "ರಕ್ತದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದಿದ್ರೆ ಅದನ್ನೂ ತೆಗೀಬೇಕು. ಇಲ್ಲದಿದ್ರೆ ಸುಮ್ಮನೆ ಮುಟ್ಟಬಾರದು. ಹಳೇ ರಿಪೋರ್ಟ್ ಏನಾದ್ರೂ ಇದೆಯಾ?"

ಸಂಧ್ಯಾ ಪ್ಲಾಸ್ಟಿಕ್ ಚೀಲದಿಂದ ನಾಲ್ಕಾಗಿ ಮಡಚಿದ ಹಾಳೆ ತೆಗೆದು ಅವರ ಕಣ್ಣೆದುರು ಬಿಡಿಸಿ ಹಿಡಿದಳು. ಅಂಕೋಲೆಯ ಆರೋಗ್ಯ ಶಿಬಿರದ ರಕ್ತಪರೀಕ್ಷೆ. ಕ್ಯಾಲ್ಸಿಯಂ ಹನ್ನೊಂದು ಪಾಯಿಂಟ್ ಎಂಟು, ಪಕ್ಕದಲ್ಲಿ 'ಜಾಸ್ತಿ' ಎಂಬ ಗುರುತು. ಕಾಮಿಗೆ ಎರಡು ಸಲ ಆದ ಕಿಡ್ನಿ ಕಲ್ಲು, ಮೈಯ ಮೂಳೆಮೂಳೆಯಲ್ಲೂ ನೋವು, ಎಲ್ಲ ಇದರಿಂದಲೇ ಇರಬೇಕು. ಗದ್ದೆಯ ಅಂಚಿನಲ್ಲಿ ಕೂತುಬಿಡುತ್ತಿದ್ದ ಅವ್ವಿಯನ್ನು ಮೈಗಳ್ಳಿ ಎಂದು ತಾನೂ ಬೈದಿದ್ದು ಸಂಧ್ಯಾಗೆ ನೆನಪಾಯಿತು.

ಸರ್ಜನ್ ಓದಿ ಸಿಡುಕಿದರು. "ಇಷ್ಟು ಮುಖ್ಯವಾದ್ದನ್ನ ಮೊದಲೇ ತೋರಿಸೋಕೆ ಏನಾಗಿತ್ತು ನಿಮಗೆ?"

"ತೋರ್ಸಿದ್ದೆ. ಶಿರವಾಡದ ನಿಮ್ ಕ್ಲಿನಿಕ್ಕಲ್ಲಿ ನಿಮ್ ಕೈಗೇ ಕೊಟ್ಟಿದ್ದೆ. ನೋಡೂಕೆ ನಿಮ್ಗೆ ಎಂತಾ ಆಗಿತ್ತು?" ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಸಂಧ್ಯಾ ಹಾಳೆಯನ್ನು ಮಗುಚಿ ಮತ್ತೆ ಅವರ ಮುಖಕ್ಕೆ ಹಿಡಿದಳು. ಹಿಂಬದಿಯಲ್ಲಿ ನೀಲಿ ಶಾಯಿಯಲ್ಲಿ ಸರ್ಜನ್ನರದೇ ಅಕ್ಷರವಿತ್ತು: 'ಗುರುವಾರ ಆಪರೇಷನ್. ಖಾಲಿ ಹೊಟ್ಟೆಯಲ್ಲಿ ಬರುವುದು.'