ಬಿದ್ದರೆ ನಮ್ಮ ಅಂಗಳ

ಪೊರಕೆ ಹಿಡಿದು ಹೊರಗೆ ಬಂದ ವಾಣಿಶ್ರೀ ಮೆಟ್ಟಿಲ ಮೇಲೇ ನಿಂತಳು. ಅಮೆರಿಕದ ಫ್ರೀಮಾಂಟಿನ ಅವರ ಮನೆ ಮುಂದೆ, ಮರದ ಬೇರು ಮೇಲೆತ್ತಿದ್ದ ಫುಟ್‌ಪಾತಿನ ಅಂಚಿಗೆ ಅತ್ತೆ ಮರಿತಾಯಮ್ಮ ಕೆಂಪು, ಹಳದಿ ಪುಡಿಯಲ್ಲಿ ದೊಡ್ಡ ರಂಗೋಲಿ ಬಿಡುತ್ತಿದ್ದರು. ರಿಪೇರಿಯವರು ಬರುವುದು ಸೋಮವಾರ. ಅಷ್ಟರಲ್ಲಿ ಯಾರಾದರೂ ಎಡವಿ ಬಿದ್ದರೆ ಹೊಣೆ ಮನೆಯವರದೇ ಎಂದು ಸಿಟಿ ಆಫೀಸಿನಿಂದ ಕಾಗದ ಬಂದಿತ್ತು.

“ಅತ್ತೆ, ಫುಟ್‌ಪಾತು ಸಿಟಿಯವರದು, ನಮ್ಮ ಅಂಗಳ ಅಲ್ಲ. ಯಾರಾದ್ರೂ ಕಂಪ್ಲೇಂಟ್ ಮಾಡ್ತಾರೆ. ಗುಡಿಸಿಬಿಡ್ತೀನಿ.”

“ಬಿದ್ರೆ ನಮ್ ತಲೆಗೇ ಬತ್ತದೆ ಅಂದ್ಮೇಲೆ ನಮ್ ಅಂಗಳವೇ ಕನವ್ವ,” ಎಂದ ಮರಿತಾಯಮ್ಮ ತಲೆಯೆತ್ತದೆ ಇನ್ನೊಂದು ಎಳೆ ಎಳೆದರು.

ಅಷ್ಟರಲ್ಲಿ ಎದುರು ಮನೆಯ ಹೆಲೆನ್ ಅಜ್ಜಿ ಊರುಗೋಲು ಊರಿಕೊಂಡು ಬಂದರು. ಮೊನ್ನೆ ಇಲ್ಲೇ ಮುಗ್ಗರಿಸಿ, ಮರ ಹಿಡಿದುಕೊಂಡು ಉಳಿದವರು. ವಾಣಿಶ್ರೀ ಅವರನ್ನು ಹಿಡಿಯಲೆಂದು ಮೆಟ್ಟಿಲು ಇಳಿದಳು. ಊರುಗೋಲು ಕೆಂಪು ಎಸಳಿನ ಮುಂದೆ ಗಕ್ಕನೆ ನಿಂತಿತು. ಅಜ್ಜಿ ರಂಗೋಲಿಯನ್ನು ನೋಡಿದರು, ತುಳಿಯಲು ಮನಸ್ಸು ಬಾರದೆ ಹುಲ್ಲಿನ ಮೇಲೆ ಹೆಜ್ಜೆಯಿಟ್ಟು, ಸುತ್ತಿ ಬಳಸಿ, ನಗುತ್ತಾ ಮುಂದೆ ಹೋದರು.

ವಾಣಿಶ್ರೀ ಪೊರಕೆಯನ್ನು ಗೋಡೆಗೆ ಒರಗಿಸಿ, ಅತ್ತೆಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಕೈಚಾಚಿದಳು.

“ಕೆಂಪು ಕೊಡಿ ಅತ್ತೆ. ಆ ಎದ್ದಿರೋ ತುದಿ ಬರೋರಿಗೆ ಇನ್ನೂ ಕಾಣ್ತಾ ಇಲ್ಲ.”