ಕಾಜಾ ಹಿಡಿದು ತಂದ ಗಿರಾಕಿ

ದರ್ಜಿಯ ನಾಯಿ ಕಾಜಾ, ಚೌಕದಲ್ಲಿ ನಿಂತಿದ್ದ ಸಂಚಾರಿ ಪೊಲೀಸಿನವನನ್ನು ಪ್ಯಾಂಟಿನ ಅಂಚು ಕಚ್ಚಿ ಅಂಗಡಿಯೊಳಗೆ ಎಳೆದುಕೊಂಡು ಬಂದಾಗ, ಸ್ಟೂಲಿನ ಮೇಲೆ ಕುಳಿತಿದ್ದ ದರ್ಜಿಯ ಮಗಳು ಎದ್ದು ನಿಂತುಬಿಟ್ಟಳು. ಪೊಲೀಸಿನವನು ಬಾಯಿಗೆ ಬಂದಂತೆ ಬೈಯುತ್ತಿದ್ದ. ದರ್ಜಿ ಮಷೀನಿನ ಮೇಲೆ ಬಗ್ಗಿ ಕೋಟಿನ ತೋಳು ಹೊಲಿಯುತ್ತಲೇ ಇದ್ದ. ಕಾಜಾ ಅಂಚು ಬಿಟ್ಟು, ಓಡಿಹೋಗಿ, ಮೂಗಿನಿಂದ ದರ್ಜಿಯ ಮೊಣಕಾಲು ತಿವಿಯಿತು. ಆಗ ತಲೆಯೆತ್ತಿದ ದರ್ಜಿ, “ಬನ್ನಿ ಸಾರ್, ಅಳತೆ ಕೊಡ್ತೀರಾ?” ಎಂದ.

ಅಪ್ಪನಿಗೆ ಕಿವಿ ಮಂದವಾಗಿದೆ, ಬಂದ ಗಿರಾಕಿಗಳು ಕರೆದು ಕರೆದು ಸಾಕಾಗಿ ಬೇರೆ ಕಡೆ ಹೋಗುತ್ತಿದ್ದಾರೆ ಎಂಬುದು ಮಗಳ ತಕರಾರು. ಈಗಿನ ಜನ ಮಾತನ್ನು ಬಾಯಲ್ಲೇ ನುಂಗುತ್ತಾರೆ ಎಂಬುದು ಅಪ್ಪನ ವಾದ. ಕೊನೆಗೆ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಇವತ್ತು ಮಗಳು ಅಂಗಡಿಯಲ್ಲಿ ಕೂತು ನೋಡುವುದು, ಗಿರಾಕಿ ಬಂದಾಗ ಬಾಯಿ ಬಿಡದಿರುವುದು. ಒಬ್ಬರು ಕರೆದದ್ದು ಅಪ್ಪನಿಗೆ ಕೇಳಿಸದೆ ಹೋದರೂ, ಅಂಗಡಿಯನ್ನು ಮಾರ್ಕೆಟ್ಟಿನ ಜ್ಯೂಸಿನವನಿಗೆ ಕೊಟ್ಟುಬಿಡುವುದು. ಅವನು ಬೆಳಗಿನಿಂದ ಫೋನಿಗೆ ಕಾದು ಕುಳಿತಿದ್ದ. ಮಷೀನು ಬಿಟ್ಟು ಮನೆಯಲ್ಲಿ ಕೂರುವುದೆಂದರೆ ದರ್ಜಿಗೆ ಜೀವ ಹೋದ ಹಾಗೆ. ಅದಕ್ಕೇ ಅವನು ಕಾಜಾವನ್ನು ತಯಾರು ಮಾಡಿಟ್ಟಿದ್ದ.

ಪ್ರಾಣಿ ಆಸ್ಪತ್ರೆಯ ನರ್ಸಮ್ಮ ಹೇಳಿಕೊಟ್ಟದ್ದು ಬರೀ ಆಟ. ಹೊಡೆಯುವಂತಿಲ್ಲ, ಗದರುವಂತಿಲ್ಲ. ಅಂಗೈಗೆ ಮೂಗು ತಾಗಿಸಿದರೆ ಬಿಸ್ಕತ್ತಿನ ಚೂರು. ಅದು ಬಂದ ಮೇಲೆ ಮೊಣಕಾಲಿಗೆ. ಅದೂ ಬಂದ ಮೇಲೆ, ಕೌಂಟರಿನ ಗಂಟೆ ಸದ್ದಾದರೆ ಓಡಿ ಬಂದು ಮೊಣಕಾಲು ಮುಟ್ಟಬೇಕು. ಕಾಜಾ ಬಾಲ ಅಲ್ಲಾಡಿಸುತ್ತಲೇ ಎಲ್ಲ ಕಲಿಯಿತು. ಮುಟ್ಟಿದ ಕೂಡಲೇ ಬಿಸ್ಕತ್ತು ಕೊಡಿ, ತಡ ಮಾಡಬೇಡಿ ಎಂದು ನರ್ಸಮ್ಮ ಒತ್ತಿ ಹೇಳಿದ್ದಳು. ಆದರೆ ದರ್ಜಿ ವ್ಯಾಪಾರಸ್ಥ. ವಿಳಾಸ ಕೇಳಲು ಬಂದವನಿಗೂ ಬಿಸ್ಕತ್ತು ಖರ್ಚು ಮಾಡುವುದು ಅವನಿಗೆ ಸರಿಕಾಣಲಿಲ್ಲ. ಗಿರಾಕಿಯ ಸೊಂಟಕ್ಕೆ ಟೇಪು ಸುತ್ತಿದ ಮೇಲೆಯೇ ಕೊಡತೊಡಗಿದ. ನಾಯಿಯೂ ಅದಕ್ಕೆ ತಕ್ಕ ಪಾಠ ಕಲಿಯಿತು: ಬಿಸ್ಕತ್ತು ಬರುವುದು ಮೊಣಕಾಲಿನಿಂದಲ್ಲ, ಸೊಂಟದಿಂದ. ಇವತ್ತು ಹೊತ್ತು ನೆತ್ತಿಗೇರಿದರೂ ಅಂಗಡಿಗೆ ಒಂದು ಸೊಂಟವೂ ಬಾರದಿದ್ದಾಗ, ತಾನೇ ಹೊರಗೆ ಹೋಗಿ ಒಂದನ್ನು ತಂದಿತ್ತು.

“ಇಲ್ಲಿ ನೋಡಿ ಯಜಮಾನ್ರೇ,” ಎಂದು ಪೊಲೀಸಿನವನು ಕಾಲೆತ್ತಿ ತೋರಿಸಿದ. ಎಳೆದಾಟದಲ್ಲಿ ಹೊಲಿಗೆ ಮೊಣಕಾಲಿನ ಮೇಲಿನವರೆಗೂ ಬಿಚ್ಚಿಕೊಂಡಿತ್ತು. “ಹೀಗೆ ಚೌಕದಲ್ಲಿ ನಿಂತು ಕೈ ತೋರಿಸ್ಲಾ ನಾನು?”

ದರ್ಜಿ ಅರ್ಧ ಕೇಳಿಸಿಕೊಂಡು, ಪೂರ್ತಿ ನೋಡಿ, ಅವನನ್ನು ಪರದೆಯ ಹಿಂದಕ್ಕೆ ಕಳಿಸಿದ. ಪ್ಯಾಂಟು ಮಾತ್ರ ಹೊರಗೆ ಬಂತು. ಮಗಳು ಪರದೆಯ ಮುಂದೆ ನಿಂತು ಕ್ಷಮೆ ಕೇಳಿದಳು. ಹೋದ ತಿಂಗಳು ನಾನಾಗಿಯೇ ಶರ್ಟು ಹೊಲಿಸಲು ಬಂದಿದ್ದೆ, ಗಂಟಲು ಹರಿಯುವ ಹಾಗೆ ಕರೆದರೂ ಈ ಪುಣ್ಯಾತ್ಮ ತಿರುಗಿ ನೋಡಲಿಲ್ಲ, ಜಂಭದ ಮನುಷ್ಯ ಎಂದುಕೊಂಡು ಹೊರಟುಹೋದೆ ಎಂದು ಪರದೆ ಉತ್ತರ ಕೊಟ್ಟಿತು. ಮಗಳು ಅದನ್ನು ಅಪ್ಪನ ಕಿವಿಯ ಹತ್ತಿರ ಬಗ್ಗಿ ಮತ್ತೊಮ್ಮೆ ಹೇಳಬೇಕಾಯಿತು.

“ಆಗ ಕಾಜಾಗೆ ಕೆಲಸ ಬರ್ತಿರ್ಲಿಲ್ಲ,” ಎಂದ ದರ್ಜಿ ದಾರ ಕತ್ತರಿಸುತ್ತ.

“ಈಗ ಜಾಸ್ತೀನೇ ಬರ್ತಿದೆ. ಗಿರಾಕಿ ಬಂದ್ರೆ ತಿಳಿಸು ಅಂತ ಕಲಿಸಿದ್ರೆ, ಹಿಡ್ಕೊಂಡೇ ಬರುತ್ತಲ್ಲಪ್ಪ ಇದು.”

“ನಿನ್ನ ಗಂಡಾನೂ ಅಷ್ಟು ದಿನ ಇದೇ ಸ್ಟೂಲಿನ ಮೇಲೆ ಕೂತಿದ್ದ. ಒಬ್ಬನನ್ನಾದ್ರೂ ಹಿಡ್ಕೊಂಡು ಬಂದ್ನಾ?”

ಪರದೆ ಕಿಸಕ್ಕೆಂದಿತು.

ಅಷ್ಟರಲ್ಲಿ ಒಬ್ಬ ಮುದುಕಿ ಕಂಕುಳಲ್ಲಿ ಹಳೆಯ ಕೋಟು ಇಟ್ಟುಕೊಂಡು ಬಂದು, ಗಂಟೆಯನ್ನು ಬೆರಳ ತುದಿಯಿಂದ ಮುಟ್ಟಿದಳು. ಮಷೀನು ಓಡುತ್ತಿತ್ತು. ಯಾರಿದ್ದೀರಿ ಎಂದು ಕೇಳಿದಳು. ಆ ದನಿ ಮಗಳಿಗೇ ಸರಿಯಾಗಿ ಕೇಳಿಸಲಿಲ್ಲ. ಮಗಳು ತುಟಿ ಕಚ್ಚಿ ಹಿಡಿದಳು. ಗೆದ್ದೆ ಅನ್ನಿಸಬೇಕಾಗಿತ್ತು, ಅನ್ನಿಸಲಿಲ್ಲ; ಅವಳು ಕಾಜಾನ ಕಡೆ ನೋಡಿದಳು. ಮುದುಕಿ ಹೊರಡಲು ತಿರುಗಿದಳು. ಕಾಜಾ ಎದ್ದು ನಿಂತು, ಮುದುಕಿಯ ಸೀರೆಯ ಅಂಚನ್ನೊಮ್ಮೆ, ದರ್ಜಿಯ ಮೊಣಕಾಲನ್ನೊಮ್ಮೆ ನೋಡಿತು. ಬಹಳ ಯೋಚಿಸಿದ ಹಾಗಿತ್ತು. ಆಮೇಲೆ ಹೋಗಿ ಮೊಣಕಾಲಿಗೆ ಮೂಗು ಒತ್ತಿತು.

“ಬನ್ನಿ ತಾಯಿ, ಕೂತ್ಕೊಳ್ಳಿ,” ಎಂದ ದರ್ಜಿ. ಟೇಪಿಗೆ ಕೈ ಹಾಕುವ ಮೊದಲೇ ಅವನು ಬಿಸ್ಕತ್ತು ಮುರಿದು, ದೊಡ್ಡ ಚೂರನ್ನೇ ನಾಯಿಯ ಬಾಯಿಗಿಟ್ಟ.

ಹೊರಗೆ ಚೌಕ ಅನಾಥವಾಗಿತ್ತು. ನಾಲ್ಕು ಕಡೆಯ ಬಸ್ಸು ಲಾರಿಗಳು ಒಂದಕ್ಕೊಂದು ಸಿಕ್ಕಿಕೊಂಡು, ಎಲ್ಲ ಒಟ್ಟಿಗೆ ಹಾರ್ನ್ ಹೊಡೆಯುತ್ತಿದ್ದವು. ಅಂಗಡಿಯ ಗಾಜು ಅದುರುತ್ತಿತ್ತು. ಮುದುಕಿ ಎರಡೂ ಕಿವಿ ಮುಚ್ಚಿಕೊಂಡಳು. ಪ್ಯಾಂಟಾಯಿತೇ ಪ್ಯಾಂಟಾಯಿತೇ ಎಂದು ಪರದೆ ಒದ್ದಾಡುತ್ತಿತ್ತು. ಅದೇ ಹೊತ್ತಿಗೆ ಜ್ಯೂಸಿನವನ ಫೋನು ಬಂತು. ಮಗಳು ಒಂದು ಕಿವಿಗೆ ಬೆರಳಿಟ್ಟುಕೊಂಡು ಇಲ್ಲ ಎಂದಳು. ಅವನಿಗೆ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದಳು. ಕೊನೆಗೆ ಇದ್ದ ಶಕ್ತಿಯನ್ನೆಲ್ಲ ಗಂಟಲಿಗೆ ತಂದುಕೊಂಡು ಕಿರುಚಿದಳು: “ಅಂಗಡಿ ಕೊಡೋದಿಲ್ಲ ರೀ. ನಮ್ಮಪ್ಪ ಕೆಲಸದಲ್ಲಿದ್ದಾರೆ.”

ದರ್ಜಿ ಪ್ಯಾಂಟಿನಿಂದ ತಲೆಯೆತ್ತಿ, ಕನ್ನಡಕದ ಮೇಲಿಂದ ಮಗಳನ್ನು ನೋಡಿದ.

“ಅಷ್ಟು ಯಾಕಮ್ಮ ಕೂಗ್ತೀಯ? ಬೀದಿ ಇವತ್ತು ಎಷ್ಟು ನಿಶ್ಶಬ್ದವಾಗಿದೆ. ಮೆಲ್ಲಗೆ ಹೇಳಿದ್ರೂ ಕೇಳಿಸುತ್ತೆ.”